ಊರ ಶಾಲೆಯಲ್ಲಿ ಬಾಹ್ಯಾಕಾಶ ದಿನವನ್ನು ಆಚರಿಸುವ ಬಗೆ

ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನವನ್ನು ಕಲಬುರಗಿ, ಯಾದಗಿರಿ ಭಾಗದ ಶಾಲೆಗಳಲ್ಲಿ ಆಚರಿಸುವವರು ಭಾಷಣಕಾರರನ್ನು ಹುಡುಕುವ ಮೊದಲು ಊರಿನ ಹಿರಿಯರೊಬ್ಬರನ್ನು ಕರೆತರಬೇಕು. 1975-76ರಲ್ಲಿ ಇಸ್ರೊ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಟಿ.ವಿ. ಕಾರ್ಯಕ್ರಮಗಳನ್ನು ತಲುಪಿಸಿದಾಗ, ಯಾದಗಿರಿಯೂ ಸೇರಿದ್ದ ಅಂದಿನ ಗುಲಬರ್ಗಾ ಜಿಲ್ಲೆಯ ಹಳ್ಳಿಗಳೂ ಅವುಗಳಲ್ಲಿ ಇದ್ದವು. ಆ ಟಿ.ವಿ.ಯನ್ನು ಎಲ್ಲಿ ಕೂತು ನೋಡಿದಿರಿ, ಏನು ತೋರಿಸಿದರು ಎಂದು ಮಕ್ಕಳೇ ಕೇಳಲಿ, ಉತ್ತರವನ್ನು ಅವರೇ ಬರೆದುಕೊಳ್ಳಲಿ. ದೇಶದ ಸಾಧನೆಯಲ್ಲಿ ತಮ್ಮೂರಿನ ಹೆಸರೂ ಇದೆ ಎಂದು ತಿಳಿದ ಮಗುವಿನ ಅಭಿಮಾನಕ್ಕೆ ಬೇರೆಯದೇ ಗಟ್ಟಿತನವಿರುತ್ತದೆ ಎಂಬುದು ನನ್ನ ನಂಬಿಕೆ.

ನಂತರ ಮೂರು ಸೆಂಟಿಮೀಟರ್ ಅಗಲದ ಸಣ್ಣ ನಿಂಬೆಹಣ್ಣನ್ನು ಭೂಮಿಯೆಂದೂ ಒಂದು ಕಡಲೆಕಾಳನ್ನು ಚಂದ್ರನೆಂದೂ ಇಟ್ಟು, ನಡುವೆ ಮೂರು ಅಡಿ ಅಂತರ ಬಿಡಿ. ನಿಜವಾದ 3,84,000 ಕಿಲೋಮೀಟರ್ ದೂರ ಆ ಅಳತೆಯಲ್ಲಿ ಅಷ್ಟೇ ಆಗುತ್ತದೆ.

ಕೊನೆಗೆ ಚಂದ್ರಯಾನ-3 ಇಳಿದ ದೃಶ್ಯವನ್ನು ತೋರಿಸಿ. ಆದರೆ 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ಲ್ಯಾಂಡರ್ ನೆಲಕ್ಕೆ ಅಪ್ಪಳಿಸಿದ್ದನ್ನು ದಯವಿಟ್ಟು ಮೊದಲು ಹೇಳಿ, ಏಕೆಂದರೆ ಆ ಸೋಲಿನಿಂದ ಕಲಿತು ಲ್ಯಾಂಡರ್‌ನ ಕಾಲುಗಳನ್ನು ಬಲಪಡಿಸಿದ, ಇಂಧನವನ್ನು ಹೆಚ್ಚಿಸಿದ ನಾಲ್ಕು ವರ್ಷಗಳ ದುಡಿಮೆ ತಿಳಿದಾಗಲೇ 2023ರ ಆ ಸಂಜೆ 6 ಗಂಟೆ 4 ನಿಮಿಷದ ಚಪ್ಪಾಳೆ ಮಕ್ಕಳಿಗೆ ಅರ್ಥವಾಗುತ್ತದೆ.