ಚನ್ನೆಮಣೆ ಟೇಬಲ್ಲು, ಮಲ್ನಾಡ್ ಮಳೆ

ನಂದು ತೀರ್ಥಹಳ್ಳಿ ಕಡೆ ಬಾವಿ ರಿಂಗು, ಬೇಲಿ ಕಂಬ ಎರಕ ಹೊಯ್ಯೋ ಕೆಲ್ಸ. ಊರಿನ ಪಾರ್ಕಿಗೆ ಕೂತು ಬುತ್ತಿ ಬಿಚ್ಚೋ ಥರ ಟೇಬಲ್ ಬೇಕು ಅಂದ್ರು, ಮೊದಲ್ನೇದು ಸಾಗುವಾನಿಯಲ್ಲೇ ಮಾಡಿದ್ದೆ. ಸಾಗುವಾನಿ ಅಲ್ವಾ ಮಾರಾಯ್ರೆ ಏನಾಗತ್ತೆ ಅನ್ಕೊಂಡಿದ್ದೆ, ಆದ್ರೆ ಕೆಚ್ಚು ಗಟ್ಟಿ ಇದ್ರೂ ಅಂಚಲ್ಲಿದ್ದ ಬಿಳಿ ಭಾಗ ಎರಡೇ ಮಳೆಗಾಲಕ್ಕೆ ಮೆತ್ತಗಾಗಿ ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗ್ತಿತ್ತು, ನಟ್ಟು ಬೋಲ್ಟಂತೂ ತುಕ್ಕು ಹಿಡ್ದು ಸ್ಪ್ಯಾನರಿಗೇ ಸಿಗ್ಲಿಲ್ಲ.

ಆಮೇಲೆ ಕಾಂಕ್ರೀಟಿಗೆ ಬಂದೆ. ಐದಡಿ ಉದ್ದ, ಎರಡೂವರೆ ಅಡಿ ಅಗಲ, ಮೂರಿಂಚು ದಪ್ಪ, ಸಿಮೆಂಟು, ಮರಳು, ಜಲ್ಲಿ 1:1:2 ಮಿಕ್ಸು. ತೂಕ ಎರಡು ಕ್ವಿಂಟಾಲ್ ದಾಟತ್ತೆ, ಹಾಗಾಗಿ ಕಳ್ರ ಚಿಂತೆ ಇಲ್ಲ. 8 ಎಂಎಂ ಕಂಬಿ, ಅಡಿಯಿಂದ ಒಂದಿಂಚು ಕವರ್ (ಕಂಬಿ ಮುಚ್ಚೋ ಕಾಂಕ್ರೀಟ್ ಪದರ) ಬಿಡ್ಲೇಬೇಕು, ಬಿಡದಿದ್ರೆ ನೀರಿಳಿದು ಕಂಬಿ ತುಕ್ಕು ಹಿಡ್ದು ಉಬ್ಬಿ ಕಾಂಕ್ರೀಟನ್ನೇ ಸೀಳತ್ತೆ. ಏಪ್ರಿಲಲ್ಲೇ ಎರಕ ಹೊಯ್ದು ಹದಿನಾಲ್ಕು ದಿನ ಗೋಣಿಚೀಲ ಒದ್ದೆ ಮಾಡಿ ಹೊದಿಸಿಟ್ಟೆ. ಕೂರಿಸೋವಾಗ ಒಂದು ಬದಿ ಒಂದು ಸೆಂಟಿಮೀಟರ್ ತಗ್ಗು ಇಟ್ಟೆ, ಕಣ್ಣಿಗೆ ಕಾಣಲ್ಲ ಆದ್ರೆ ನೀರಿಗೆ ಗೊತ್ತಾಗತ್ತೆ! ಅಂಚಿನ ಅಡಿಗೆ ಬೆರಳಗಲದ ಗೆರೆ ತೆಗೆದ್ರೆ ಹನಿ ಅಲ್ಲೇ ಉದುರತ್ತೆ, ಕಾಲಿನ ತನಕ ಹರ್ಕೊಂಡು ಬರಲ್ಲ. ಬೋಲ್ಟ್ ಈ ಸಲ 304 ಸ್ಟೇನ್‌ಲೆಸ್ ಸ್ಟೀಲು, ದುಬಾರಿ, ಆದ್ರೆ ಇದ್ರಲ್ಲಿ ಕಂಜೂಸ್ ಮಾಡಬೇಡಿ.

ಇನ್ನು ನನ್ನ ತಲೆಹರಟೆ. ಮಳೆಗಾಲ ಅಂದ್ರೆ ಏಳೇಳು ಗುಳಿಯ ಎರಡು ಸಾಲಲ್ಲಿ ಬೀಜ ಹಾಕಿ ಆಡೋ ಚನ್ನೆಮಣೆ ತಾನೆ, ಟೇಬಲ್ ಮೇಲೇ ಯಾಕಿರಬಾರ್ದು ಅಂತ ಅಚ್ಚಿಗೆ ಹದಿನಾಲ್ಕು ಸಣ್ಣ ಸ್ಟೀಲ್ ಬಟ್ಟಲಿಗೆ ಎಣ್ಣೆ ಸವರಿ ಕವುಚಿ ಹಾಕಿ, ಕಂಬೀನ ಅವುಗಳ ಮಧ್ಯೆ ಹಾಯಿಸಿ, ತಲೆಕೆಳಗಾಗಿ ಎರಕ ಹೊಯ್ದೆ. ಚೆಂದ ಬಂತು, ಎಲ್ರೂ ಹೊಗಳಿದ್ದೇ ಹೊಗಳಿದ್ದು. ಪುನರ್ವಸು ಮಳೆ ಮುಗ್ದು ಒಂದಿನ ಬಿಸಿಲು ಬಿತ್ತು ನೋಡಿ, ಹೋಗಿ ನೋಡಿದ್ರೆ ಹದಿನಾಲ್ಕು ಗುಳೀಲೂ ನೀರು, ಅದ್ರಲ್ಲಿ ಸೊಳ್ಳೆ ಮರಿ ಕುಣೀತಾ ಇದಾವೆ. ಡೆಂಗ್ಯೂ ಕಾಲ ಬೇರೆ. ನಾಚಿಕೆಯಾಗಿ ಅವತ್ತೇ ಸಂಜೆ ಡ್ರಿಲ್ ತಂದು ಒಂದೊಂದು ಗುಳಿಗೂ ಅಡಿ ತನಕ 12 ಎಂಎಂ ತೂತು ಹೊಡ್ದೆ.

ಪಾಚಿಗೆ ಒಬ್ರು ಅಡಿಕೆಗೆ ಹೊಡ್ದು ಉಳಿದ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಬಳಿ ಅಂದ್ರು. ಮಕ್ಳು ತಿಂಡಿ ಇಟ್ಕೊಂಡು ತಿನ್ನೋ ಜಾಗಕ್ಕೆ ಮೈಲುತುತ್ತಾ ಎಂತಕ್ಕೆ? ಮಳೆಗಾಲ ಮುಗಿದ್ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ನಾರಲ್ಲಿ ತಿಕ್ಕಿ ತೊಳೆದ್ರೆ ಸಾಕು. ಎಲೆಅಡಿಕೆ ಉಗುಳಿದ ಕಲೆ ಮಾತ್ರ ಏನ್ ಮಾಡಿದ್ರೂ ಹೋಗಲ್ಲ.

ಈಗ ಹೊಸ ತಕರಾರು. ಆಟದ ಮಧ್ಯೆ ಹುಣಸೆ ಬೀಜ ನೆಟ್ಟಗೆ ನಿಂತು ತೂತಲ್ಲಿ ಜಾರಿ ಕೆಳಗೆ ಬೀಳತ್ತಂತೆ, ಸೋತವರೆಲ್ಲ ನನಗೇ ಬೈತಾರೆ. ಮುಂದಿನ ಟೇಬಲ್ಲಿಗೆ 6 ಎಂಎಂ ತೂತು ಮಾಡಿದೆ. ಬೀಜ ಬೀಳಲ್ಲ, ಆದ್ರೆ ತರಗೆಲೆ ಚೂರು ಕಟ್ಕೊಳತ್ತೆ, ಹಾಗಾಗಿ ಕಾಲಿಗೆ ಒಂದು ಹಿಡಿಕಡ್ಡಿ ಕಟ್ಟಿಟ್ಟಿದೀನಿ, ಆಡೋಕೆ ಬಂದವರೇ ಚುಚ್ಚಿ ನೀರು ಬಿಟ್ಕೊಂಡು ಕೂರ್ತಾರೆ.