ಎಸ್‌ಕ್ಯೂಲೈಟ್ ಬ್ಯಾಕಪ್‌ನಲ್ಲಿ ಕೊನೆಯ ದಾಖಲೆಗಳು ಇಲ್ಲದಿದ್ದಾಗ

ಎಸ್‌ಕ್ಯೂಲೈಟ್ ಎಂದರೆ ಡೇಟಾವನ್ನು ಒಂದು ಮುಖ್ಯ ಫೈಲಿನಲ್ಲಿ ಇಡುವ ಡೇಟಾಬೇಸ್. ಚಾಲನೆಯಲ್ಲಿರುವ ಅಂಥ ಡೇಟಾಬೇಸನ್ನು ಸಿಪಿ ಕಮಾಂಡಿನಿಂದ ನಕಲು ಮಾಡುತ್ತಿದ್ದ ಹಳೆಯ ಸ್ಕ್ರಿಪ್ಟ್ ಯಾವ ದೋಷ ಸಂದೇಶವನ್ನೂ ಕೊಡದೆ ಮುಗಿಯುತ್ತಿತ್ತು. ಆದರೆ ಆ ಬ್ಯಾಕಪ್ಪನ್ನು ತೆರೆದು ನೋಡಿದರೆ ದಿನದ ಕೊನೆಯ ದಾಖಲೆಗಳೇ ಇರುತ್ತಿರಲಿಲ್ಲ. ಮುಖ್ಯ ಫೈಲಿನ ಪಕ್ಕದಲ್ಲಿ, ಅದೇ ಹೆಸರಿಗೆ ‘-ವಾಲ್’ ಎಂಬ ಬಾಲ ಸೇರಿದ್ದ ಇನ್ನೊಂದು ಫೈಲ್ ಕಂಡಾಗ ಕಾರಣ ಸ್ಪಷ್ಟವಾಯಿತು. ವಾಲ್ (ರೈಟ್-ಅಹೆಡ್ ಲಾಗ್, ಅಂದರೆ ಮುಂಚಿತವಾಗಿ ಬರೆದಿಡುವ ಲಾಗ್) ಕ್ರಮದಲ್ಲಿ ಹೊಸ ಬದಲಾವಣೆಗಳು ಮೊದಲು ಈ ಫೈಲಿಗೆ ಹೋಗಿ, ಅದು ಸಾಮಾನ್ಯವಾಗಿ 1000 ಪುಟಗಳಷ್ಟು (ಪುಟವೆಂದರೆ ಡೇಟಾಬೇಸ್ ಫೈಲಿನ ನಿಗದಿತ ಗಾತ್ರದ ತುಂಡು) ಆದ ಮೇಲೆ ನಡೆಯುವ ಚೆಕ್‌ಪಾಯಿಂಟ್‌ನಲ್ಲಿ ಮುಖ್ಯ ಫೈಲಿಗೆ ಸೇರುತ್ತವೆ. ಎರಡನ್ನೂ ಸಿಪಿಯಿಂದ ನಕಲಿಸಿದರೂ ಭರವಸೆಯಿಲ್ಲ, ಏಕೆಂದರೆ ನಡುವೆ ಚೆಕ್‌ಪಾಯಿಂಟ್ ನಡೆದುಬಿಟ್ಟರೆ ಆ ನಕಲುಗಳು ಒಂದಕ್ಕೊಂದು ಹೊಂದುವುದಿಲ್ಲ.

ಆದ್ದರಿಂದ ಸಿಪಿಯನ್ನು ತೆಗೆದು, ಎಸ್‌ಕ್ಯೂಲೈಟ್3 ಕಮಾಂಡಿಗೆ ‘ವ್ಯಾಕ್ಯೂಮ್ ಇನ್‌ಟು’ ಹೇಳಿಕೆಯನ್ನು ಕೊಟ್ಟೆ. 2019ರ 3.27 ಆವೃತ್ತಿಯಿಂದ ಲಭ್ಯವಿರುವ ಇದು, ಖಾಲಿ ಪುಟಗಳನ್ನು ಬಿಟ್ಟು, ಒಂದು ಕ್ಷಣದ ಸ್ಥಿತಿಯನ್ನು ಪೂರ್ತಿಯಾಗಿ ಒಂದೇ ಫೈಲಿಗೆ ಬರೆಯುತ್ತದೆ. ಗುರಿ ಫೈಲ್ ಮೊದಲೇ ಇದ್ದು, ಅದು ಖಾಲಿಯಿಲ್ಲದಿದ್ದರೆ ದೋಷ ತೋರಿಸುವುದರಿಂದ ಹೆಸರಿಗೆ ದಿನಾಂಕವನ್ನು ಸೇರಿಸಿದ್ದೇನೆ. ಚುಕ್ಕೆಯಿಂದ ಆರಂಭವಾಗುವ ‘.ಬ್ಯಾಕಪ್’ ಕಮಾಂಡೂ ಸರಿಯೇ. ಆದರೆ ಬೇರೊಂದು ಪ್ರೋಗ್ರಾಂ ನಡುವೆ ಬರೆದರೆ ಅದು ಮೊದಲಿನಿಂದ ಶುರುಮಾಡಬೇಕಾಗುವುದರಿಂದ, ಸದಾ ಬರೆಯುತ್ತಲೇ ಇರುವ ಡೇಟಾಬೇಸಿಗೆ ನನಗೆ ಅದು ಒಗ್ಗಲಿಲ್ಲ. ಈಗ ಹೊಸ ನಕಲಿನ ಮೇಲೆ, ಡೇಟಾಬೇಸ್ ಕೆಟ್ಟಿಲ್ಲವೇ ಎಂದು ಪರೀಕ್ಷಿಸುವ ‘ಪ್ರಾಗ್ಮಾ ಇಂಟೆಗ್ರಿಟಿ_ಚೆಕ್’ ಓಡಿಸಿ, ‘ಓಕೆ’ ಎಂದು ಉತ್ತರ ಬಂದರಷ್ಟೇ ಸ್ಕ್ರಿಪ್ಟ್ ಹಳೆಯ ಬ್ಯಾಕಪ್ಪನ್ನು ಅಳಿಸುತ್ತದೆ.