ನೂರು ದಿನದ ಗೆರೆ: ಬಿಷಪ್ ಗೊರಾಜ್ದ್ ಕುರಿತು ಭಿತ್ತಿಪತ್ರಿಕೆ ಮಾಡುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಮಹನೀಯರ ಮೇಲೆ ಭಿತ್ತಿಪತ್ರಿಕೆ ಮಾಡುವವರು ಹುಟ್ಟಿದ ಊರಿನಿಂದ ಶುರು ಮಾಡುತ್ತಾರೆ. ಜೆಕ್ ರಾಜಧಾನಿ ಪ್ರಾಗ್‌ನ ಆರ್ಥೊಡಾಕ್ಸ್ ಬಿಷಪ್ ಗೊರಾಜ್ದ್ ಅವರಿಗೆ ಆ ಕ್ರಮ ಒಗ್ಗದು. 1942ರ ಮೇ 27ರಂದು ನಾಜಿ ಆಡಳಿತಗಾರ ಹೈಡ್ರಿಕ್ ಮೇಲೆ ಬಾಂಬ್ ಬಿತ್ತು. ದಾಳಿ ಮಾಡಿದವರು ಅಡಗಿದ್ದದ್ದು ಬಿಷಪರ ಚರ್ಚಿನಲ್ಲಿ. ಅದಕ್ಕಾಗಿ ನಾಜಿಗಳು ಸೆಪ್ಟೆಂಬರ್ 4ರಂದು ಬಿಷಪರನ್ನು ಗುಂಡಿಟ್ಟು ಕೊಂದರು. ಎಣಿಸಿ ನೋಡಿ, ನಡುವೆ ಸರಿಯಾಗಿ 100 ದಿನ. ಹಾಳೆ ಈ ನೂರು ದಿನಕ್ಕೇ ಮೀಸಲಾಗಲಿ.

22×28 ಇಂಚಿನ ಡ್ರಾಯಿಂಗ್ ಶೀಟ್ ಅಡ್ಡ ಇಟ್ಟು, ನಡುಮಧ್ಯೆ 50 ಸೆಂ.ಮೀ. ಗೆರೆ ಎಳೆಯಿರಿ. ದಿನಕ್ಕೆ ಅರ್ಧ ಸೆಂ.ಮೀ. ಗೆರೆಯ 4ನೇ ಸೆಂ.ಮೀ.ಗೆ ಹೈಡ್ರಿಕ್ ಸಾವು (ಜೂನ್ 4). 7ಕ್ಕೆ ಲಿಡಿತ್ಸೆ ಹಳ್ಳಿ (ಜೂನ್ 10): ಸೇಡಿಗಾಗಿ 173 ಗಂಡಸರನ್ನು ಅಲ್ಲೇ ಗುಂಡಿಟ್ಟು ಕೊಂದ ದಿನ. 11ಕ್ಕೆ ಚರ್ಚಿಗೆ ಮುತ್ತಿಗೆ (ಜೂನ್ 18). 15.5ಕ್ಕೆ ಬಿಷಪರ ಬಂಧನ (ಜೂನ್ 27). 50ಕ್ಕೆ ಕೊನೆ. ಲಿಡಿತ್ಸೆಯ ಗುರುತು ಚರ್ಚಿನದ್ದಲ್ಲ ಎಂದು ಬಿಡಬೇಡಿ. ಆಶ್ರಯ ಕೊಟ್ಟವರ ಗತಿ ಏನಾಗುತ್ತದೆ ಎಂಬುದು ಬಿಷಪರಿಗೆ ಗೊತ್ತಿತ್ತು ಎಂದು ಓದುವವರಿಗೆ ಮನವರಿಕೆಯಾಗುವುದು ಅದರಿಂದಲೇ.

ಹೆಚ್ಚಿನವರು ಎಡವುವುದು ಇಲ್ಲಿ: ಹೈಡ್ರಿಕ್ ಮೇಲೆ ದಾಳಿ ಮಾಡಿದವರೂ ಸೇರಿ ಏಳು ಪ್ಯಾರಾಟ್ರೂಪರ್‌ಗಳನ್ನು (ವಿಮಾನದಿಂದ ಧುಮುಕುವ ಸೈನಿಕರನ್ನು) ಬಿಷಪರೇ ಬಚ್ಚಿಟ್ಟರು ಎಂದು ಬರೆದುಬಿಡುತ್ತಾರೆ. ಬಚ್ಚಿಟ್ಟದ್ದು ಪ್ರಾಗ್‌ನ ಸಿರಿಲ್–ಮೆಥೋಡಿಯಸ್ ಚರ್ಚಿನವರು. ಬಿಷಪರಿಗೆ ತಿಳಿದದ್ದು ಆಮೇಲೆ. ಚರ್ಚಿಗೆ ಒದಗಬಹುದಾದ ಗಂಡಾಂತರ ಕಂಡು ಅವರು ಕಳವಳಪಟ್ಟರು. ತಾನು ಮಾಡದ ಕೆಲಸದ ಹೊಣೆ ಹೊತ್ತರು ಎಂಬುದೇ ಈ ಬದುಕಿನ ತಿರುಳು, ಅದನ್ನು ಕೆಡಿಸಬಾರದು.

ಮುತ್ತಿಗೆಯ ಚಿತ್ರ ಒಂದೇ ಸಾಕು: ನೆಲಮಾಳಿಗೆಯ ಗೋಡೆಯಲ್ಲಿ ಬೀದಿಗೆ ತೆರೆದ ಸಣ್ಣ ಕಿಂಡಿ, ಅದರೊಳಗೆ ಅಗ್ನಿಶಾಮಕ ದಳದ ಪೈಪು. ಮೂವರು ಮೇಲಿನ ಗ್ಯಾಲರಿಯಲ್ಲಿ ಹೋರಾಡಿದರು, ನಾಲ್ವರು ನೀರು ಏರುತ್ತಿದ್ದ ನೆಲಮಾಳಿಗೆಯಲ್ಲಿ. ದುರ್ಗದವರಿಗೆ ಕಿಂಡಿ ಎಂದೊಡನೆ ಓಬವ್ವ ನೆನಪಾಗುವುದು ಸಹಜ, ಆದರೆ ಹೋಲಿಕೆ ಹಾಕಬೇಡಿ. ಓಬವ್ವ ಕಿಂಡಿಯ ಬಳಿ ಕಾದು ನಿಂತವಳು. ಇಲ್ಲಿ ಕಿಂಡಿಯಿಂದಲೇ ಸಾವು ಒಳಗೆ ಬಂತು.

11ರಿಂದ 15.5ರ ನಡುವಿನ ಜಾಗ ಕಿರಿದು, ವಿಷಯ ದೊಡ್ಡದು. ಗೆರೆಯ ಮೇಲ್ಗಡೆ 6×4 ಇಂಚಿನ ಚೌಕ ಮಾಡಿ, ಬಾಣದ ಗುರುತಿನಿಂದ ಗೆರೆಗೆ ಸೇರಿಸಿ. ನಡೆದದ್ದಕ್ಕೆ ತಾನೇ ಹೊಣೆ, ಮರಣದಂಡನೆಯಾದರೂ ಸರಿ ಎಂದು ಗೊರಾಜ್ದ್ ಅಧಿಕಾರಿಗಳಿಗೆ ಪತ್ರ ಬರೆದದ್ದು ಈ ದಿನಗಳಲ್ಲಿ. ಪತ್ರಕ್ಕೆ ನಿಮ್ಮದೇ ಮಾತು ಕಟ್ಟಿ ಉದ್ಧರಣ ಚಿಹ್ನೆ ಹಾಕಬೇಡಿ. ಪತ್ರದಿಂದ ಚರ್ಚು ಉಳಿಯಲಿಲ್ಲ ಎಂಬುದನ್ನೂ ಅದೇ ಚೌಕದಲ್ಲಿ ಬರೆಯಿರಿ: ಅಲ್ಲಿನ ಆರ್ಥೊಡಾಕ್ಸ್ ಚರ್ಚನ್ನೇ ನಿಷೇಧಿಸಿ, ಪಾದ್ರಿಗಳನ್ನು ಜರ್ಮನಿಗೆ ಜೀತದ ದುಡಿಮೆಗೆ ಒಯ್ದರು. 15.5ರಿಂದ ಮುಂದಿನದು ಸೆರೆವಾಸ, ವಿಚಾರಣೆ. ಆ ಉದ್ದ ಖಾಲಿ ಗೆರೆಯನ್ನು ಕಲ್ಪನೆಯಿಂದ ತುಂಬಿಸಬೇಡಿ, ಖಾಲಿಯೇ ಇರಲಿ.

‘ಆರ್ಥೊಡಾಕ್ಸ್’ ಅನ್ನು ‘ಸಂಪ್ರದಾಯಸ್ಥ’ ಎಂದು ಅನುವಾದಿಸಿದರೆ ಮಡಿವಂತ ಎಂಬ ಅರ್ಥ ಬರುತ್ತದೆ. ಅದು ಪೋಪರ ಅಧೀನದಲ್ಲಿಲ್ಲದ ಕ್ರೈಸ್ತ ಪಂಥದ ಹೆಸರು, ಹಾಗೇ ಬಿಡಿ. ಹುಟ್ಟುಹೆಸರು ಮತ್ಯೇಯ್ ಪವ್ಲೀಕ್ (1879). ‘ಪೂರ್ವಾಶ್ರಮದ ಹೆಸರು’ ಎಂದರೆ ನಮ್ಮ ಕಡೆ ಮಠಗಳನ್ನು ಬಲ್ಲ ಯಾರಿಗೂ ತಟ್ಟನೆ ಅರ್ಥವಾಗುತ್ತದೆ. ಕೆಲವು ಕಡೆ ಕೊನೆಯ ದಿನ ಆಗಸ್ಟ್ 22 ಎಂದು ಕಂಡರೆ ಗಾಬರಿ ಬೇಡ. ಹಳೆಯ ಜೂಲಿಯನ್ ಪಂಚಾಂಗ 13 ದಿನ ಹಿಂದಿದೆ. ಎರಡನ್ನೂ ಬೆರೆಸಿದರೆ ನೂರು ದಿನದ ಲೆಕ್ಕ ಕೆಡುತ್ತದೆ.

ಅಕ್ಷರ 1 ಸೆಂ.ಮೀ. ಎತ್ತರ, ಸಾಲುಗಳ ನಡುವೆ ಒಂದೂವರೆ. ಇಂಥ ಹೆಸರುಗಳಲ್ಲಿ ಒತ್ತಕ್ಷರ ಜಾಸ್ತಿ, ಅಂತರ ಸಾಲದಿದ್ದರೆ ಕೆಳಸಾಲಿಗೆ ತಾಗುತ್ತವೆ. ಆಷಾಢದ ಗಾಳಿಗೆ ಬರೀ ಟೇಪು ನಿಲ್ಲದು. ಮೇಲೆ ಕೆಳಗೆ ಮರದ ರೀಪು ಹೊಡೆದು, ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.